ದೇವಿಮನೆ ಘಟ್ಟದಲ್ಲಿ ಮಾತ್ರ ಬರುತ್ತಿದ್ದ ಮಿಸ್ಸಿಂಗ್

ಆರಿದ್ರಾ ಮಳೆ ಹಿಡಿದ ವಾರವೇ ನಮ್ಮ ಕಾರಿಗೆ ಮಿಸ್ಸಿಂಗ್ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುವುದು) ಶುರುವಾಯಿತು. 1997ರ ಗಾಡಿ. ಮೂರು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚಲು ಹಳೇ ಕಾಲದ ಡಿಸ್ಟ್ರಿಬ್ಯೂಟರ್. ಕುಮಟಾದಿಂದ ಶಿರಸಿಗೆ ವಾಪಸ್ ಬರುವಾಗ ಕತಗಾಲ ದಾಟಿ ದೇವಿಮನೆ ಘಟ್ಟದ ಏರು ಸಿಕ್ಕಿದ್ದೇ ತಡ, ಎರಡನೇ ಗೇರಿನಲ್ಲಿ ಜಗ್ಗಿ ಜಗ್ಗಿ ಎಳೆಯುತ್ತಿತ್ತು. ಏರು ಮುಗಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಓಡುತ್ತಿತ್ತು.

ಗ್ಯಾರೇಜಿಗೆ ಎರಡು ಸಲ ಒಯ್ದೆ. ಒಮ್ಮೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ ಹೊಸತು ಹಾಕಿದರು, ಇನ್ನೊಮ್ಮೆ ಕಾರ್ಬುರೇಟರ್ ತೊಳೆದರು. ಗುಣವಾಗಲಿಲ್ಲ. ಅವರಾದರೂ ಏನು ಮಾಡಿಯಾರು? ಕಾಯಿಲೆ ಇರುವುದು ಘಟ್ಟದಲ್ಲಿ, ನೋಡುತ್ತಿದ್ದುದು ಶೆಡ್ಡಿನಲ್ಲಿ.

ಕಡೆಗೆ ನಾನೇ ಕೂತೆ. ಯಾವ ಸಿಲಿಂಡರ್ ಅಂತ ಗೊತ್ತಾಗುವವರೆಗೆ ಸುಮ್ನೆ ಒಂದು ಪಾರ್ಟನ್ನೂ ಕೊಳ್ಳಬಾರದು ಅಂತ ನಿಶ್ಚಯ ಮಾಡಿಕೊಂಡೆ.

ಇಂಜಿನ್ ಐಡಲ್‌ನಲ್ಲಿಟ್ಟು (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡಲು ಬಿಟ್ಟು) ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ತೆಗೆದೆ. ತೆಗೆದ ವೈರಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಅದರ ಮೈ ಇಂಜಿನ್ನಿಗೆ ತಾಗುವ ಹಾಗೆ ಇಟ್ಟಿದ್ದೆ. ಇಲ್ಲದಿದ್ದರೆ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಹಾಳಾಗಬಹುದು. ಬರಿಗೈಯಲ್ಲಿ ಮುಟ್ಟಲೇಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್. ಸತ್ತ ಸಿಲಿಂಡರಿನ ವೈರ್ ತೆಗೆದರೆ ಸದ್ದು ಬದಲಾಗುವುದಿಲ್ಲ. ನಮ್ಮದರಲ್ಲಿ ಮೂರಕ್ಕೂ ಇಂಜಿನ್ ಕುಂಟಿತು. ಅಂದರೆ ಐಡಲ್‌ನಲ್ಲಿ ಮೂರೂ ಕೆಲಸ ಮಾಡುತ್ತಿದ್ದವು. (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಗಳಲ್ಲಿ ಹೀಗೆ ಮಾಡಬೇಡಿ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಸುಡುತ್ತದೆ. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿ. ಪಿ0302 ಅನ್ನುವ ಕೋಡ್ ಬಂದರೆ ಮಿಸ್ಸಿಂಗ್ ಎರಡನೇ ಸಿಲಿಂಡರಿನದು ಅಂತ ಅರ್ಥ.)

ಆಮೇಲೆ ಪ್ಲಗ್ ಬಿಚ್ಚಿದೆ. ಒಂದು ಮತ್ತು ಮೂರು ತಿಳಿ ಕಂದು, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ. ಎರಡನೆಯದು ಮಾತ್ರ ಒಲೆಯ ಮೇಲಿನ ಮಸಿಯ ಹಾಗೆ ಒಣ ಕಪ್ಪು. ಎಣ್ಣೆ ಜಿಡ್ಡು ಇರಲಿಲ್ಲ. ಒಂದು ಮತ್ತು ಎರಡರ ಪ್ಲಗ್ ಅದಲು ಬದಲು ಮಾಡಿ ಒಂದು ಸಲ ಘಟ್ಟ ಹತ್ತಿ ಬಂದು ಮತ್ತೆ ಬಿಚ್ಚಿದೆ. ಎರಡನೇ ಜಾಗದ ಪ್ಲಗ್ಗೇ ಮತ್ತೆ ಕಪ್ಪು! ತಪ್ಪು ಪ್ಲಗ್ಗಿನದಲ್ಲ ಅಂತ ಖಾತ್ರಿಯಾಯಿತು. ಕಂಪ್ರೆಶನ್ನೂ (ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಅನ್ನುವುದು) ನೋಡಿದೆ, ಮೂರೂ ಹೆಚ್ಚುಕಡಿಮೆ ಸಮ ಇದ್ದವು. ವಾಲ್ವ್, ರಿಂಗ್ ಸೋರುತ್ತಿದೆಯೇನೋ ಅನ್ನುವ ಹೆದರಿಕೆ ಹೋಯಿತು.

ಹಾಗಾದರೆ ಏರಿನಲ್ಲೇ ಯಾಕೆ? ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲ್ ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ತೋಟದ ಕಾಲುವೆಯಲ್ಲಿ ನೀರು ಕಡಿಮೆ ಇದ್ದಾಗ ಏಡಿ ಕೊರೆದ ತೂತು ಕಾಣುವುದಿಲ್ಲ. ನೀರು ಏರಿದಾಗ ಅಲ್ಲಿಂದಲೇ ಸೋರುತ್ತದೆ, ಅಲ್ವಾ? ಇದೂ ಹಾಗೇ. ವೈರಿನ ಸಿಪ್ಪೆ ಎಲ್ಲೋ ಸವೆದಿದ್ದರೆ ಕಿಡಿ ಅಲ್ಲೇ ಹಾರುತ್ತದೆ. ಮಳೆಗಾಲದ ತೇವ ಅದಕ್ಕೆ ಇನ್ನೂ ಅನುಕೂಲ.

ಹಾಗಾಗಿ ಘಟ್ಟದ ತೇವವನ್ನು ಅಂಗಳಕ್ಕೇ ತಂದೆ. ಕತ್ತಲಾದ ಮೇಲೆ ಗಾಡಿಯನ್ನು ಬಯಲಿಗೆ ತಂದು ನಿಲ್ಲಿಸಿದೆ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ಅಂಗಳದ ಲೈಟ್ ಆರಿಸಿ, ಬಾನೆಟ್ ಎತ್ತಿ, ಇಸ್ತ್ರಿಗೆ ಇಟ್ಟುಕೊಂಡಿದ್ದ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಹನಿ ಹನಿ ನೀರು ಸಿಂಪಡಿಸಿದೆ. ಮನೆಯವರಿಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಲು ಹೇಳಿದೆ.

ಕಂಡಿತು. ಎರಡನೇ ವೈರ್ ಒಂದು ಕಬ್ಬಿಣದ ಪಟ್ಟಿಗೆ ತಾಗುವ ಜಾಗದಲ್ಲಿ ಚಟ್ ಚಟ್ ಅಂತ ನೀಲಿ ಕಿಡಿ. ಇಂಜಿನ್ ಅದೇ ಲಯದಲ್ಲಿ ನಡುಗುತ್ತಿತ್ತು. ಒಣಗಿದ ಉದ್ದನೆ ಕೋಲಿನಿಂದ ವೈರನ್ನು ಪಟ್ಟಿಯಿಂದ ದೂರ ಸರಿಸಿದೆ. ಕಿಡಿ ನಿಂತಿತು, ಇಂಜಿನ್ ಹದಕ್ಕೆ ಬಂತು. ಬಿಟ್ಟೆ, ಮತ್ತೆ ನಡುಗಿತು. ಮೂರ್ನಾಲ್ಕು ಸಲ ಹಾಗೇ ಮಾಡಿ ನೋಡಿದೆ. ಅಷ್ಟು ಖುಷಿಯಾಗಿತ್ತು.

ಬೆಳಿಗ್ಗೆ ನೋಡಿದರೆ ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪೇ ಇರಲಿಲ್ಲ. ಯಾವಾಗಲೋ ಮುರಿದು ಬಿದ್ದಿರಬೇಕು. ಅದಿಲ್ಲದೆ ವೈರ್ ಪಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದಾಗ ಒಳಗಿನ ತುದಿಗಳಲ್ಲಿ ಪಾಚಿ ಬಣ್ಣದ ಕಿಲುಬು. ಕೆರೆದು ಒರೆಸಿದೆ, ಬಿರುಕು ಇರಲಿಲ್ಲ. ವೈರುಗಳ ಸೆಟ್ ಪೂರಾ ಬದಲಿಸಿದೆ. ಒಂದು ಸವೆದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಅದಲು ಬದಲಾಗದಂತೆ ಒಂದು ತೆಗೆದು ಒಂದು ಹಾಕಿದೆ. ಕ್ಲಿಪ್ ಹೊಸತು ಕೂರಿಸಿದೆ.

ಪುನರ್ವಸು ಮಳೆ ಸುರಿಯುವಾಗಲೇ ಕುಮಟಾಕ್ಕೆ ಹೋಗಿ ಅದೇ ಘಟ್ಟ ಹತ್ತಿ ಬಂದೆ. ಒಂದು ಸಲವೂ ಜಗ್ಗಲಿಲ್ಲ. ಮನೆಗೆ ಬಂದು ಇಂಜಿನ್ ಆರಿದ ಮೇಲೆ ಎರಡನೇ ಪ್ಲಗ್ ಬಿಚ್ಚಿ ನೋಡಿದೆ. ತಿಳಿ ಕಂದು.