ಅಡಿಕೆ ಚೀಲದ ಬಾರ್‌ಕೋಡ್ ಓದುವ ಆ್ಯಪ್: ಚೀಟಿಯಿಂದಲೇ ಶುರು ಮಾಡಿ

ಶಿವಮೊಗ್ಗ ಎಪಿಎಂಸಿ ಯಾರ್ಡ್‌ನ ಮಂಡಿಗಿರಲಿ, ತೀರ್ಥಹಳ್ಳಿ ಕಡೆಯ ಸೊಸೈಟಿ ಗೋದಾಮಿಗಿರಲಿ, ಚೀಲ ಲೆಕ್ಕ ಇಡುವ ಆ್ಯಪ್‌ಗೆ ಬಾರ್‌ಕೋಡ್ ಸ್ಕ್ಯಾನಿಂಗ್ ಸೇರಿಸಲು ಹೆಚ್ಚು ಹೊತ್ತು ಬೇಕಿಲ್ಲ. ಮಬ್ಬು ಬೆಳಕಲ್ಲಿ, ನೆಟ್‌ವರ್ಕ್ ಇಲ್ಲದೆ, ಚೊಗರು (ಅಡಿಕೆ ಬೇಯಿಸಿದ ಕಂದು ರಸ) ಮೆತ್ತಿದ ಚೀಟಿಯನ್ನೂ ಅದು ಓದುವಂತೆ ಮಾಡಲು ಹೊತ್ತು ಬೇಕು. ಆಂಡ್ರಾಯ್ಡ್‌ನಲ್ಲಿ ಕಾಟ್ಲಿನ್ ಭಾಷೆ, ಕ್ಯಾಮೆರಾ ನಡೆಸುವ ಕ್ಯಾಮೆರಾಎಕ್ಸ್ ಲೈಬ್ರರಿ ಮತ್ತು ಕೋಡ್ ಓದುವ ಗೂಗಲ್‌ನ ಎಂಎಲ್ ಕಿಟ್ ಬಳಸುತ್ತೀರಿ ಎಂದುಕೊಂಡು ಮುಂದಿನದ್ದನ್ನು ಬರೆದಿದೆ.

ಕೋಡ್‌ಗಿಂತ ಮೊದಲು ಚೀಟಿ

ರೈತರ ಹೆಸರು, ಊರು, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬುದನ್ನೆಲ್ಲ ಬಾರ್‌ಕೋಡ್ ಒಳಗೆ ತುಂಬಲು ಹೋಗಬೇಡಿ. ಗೆರೆಗಳ ಬಾರ್‌ಕೋಡ್‌ನ ಒಂದು ಬಗೆಯಾದ ಕೋಡ್ 128ಕ್ಕೆ ಕನ್ನಡ ಅಕ್ಷರ ಹಿಡಿಸುವುದೇ ಇಲ್ಲ. ಕ್ಯೂಆರ್‌ಗೆ ಹಿಡಿಸುತ್ತದೆ, ಆದರೆ ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಅಕ್ಷರ, ಗುಣಿತ, ಒತ್ತಿನ ಚಿಹ್ನೆ ಒಂದೊಂದಕ್ಕೂ 3 ಬೈಟ್. ‘ತೀರ್ಥಹಳ್ಳಿ’ ಎಂಬ ಒಂದು ಪದಕ್ಕೇ 30 ಬೈಟ್ ಬೇಕು. ತುಂಬಿಸಿದಷ್ಟೂ ಚೌಕಗಳು ಸಣ್ಣದಾಗಿ ಕ್ಯಾಮೆರಾ ಒದ್ದಾಡುತ್ತದೆ. ಚೀಲಕ್ಕೊಂದು ಸಂಖ್ಯೆ ಸಾಕು, ಉಳಿದ ವಿವರ ಡೇಟಾಬೇಸ್‌ನಲ್ಲಿರಲಿ.

ಆ ಸಂಖ್ಯೆ 10 ಅಂಕಿಯದ್ದಾದರೆ ಒಳ್ಳೆಯದು. ಕೋಡ್ 128ರ ‘ಸಿ’ ಸೆಟ್ ಎರಡೆರಡು ಅಂಕಿಯನ್ನು ಒಂದೇ ಗುರುತಿಗೆ ಇಳಿಸುವುದರಿಂದ ಇಡೀ ಕೋಡ್ 90 ಘಟಕಗಳಷ್ಟೇ (ಒಂದು ಘಟಕವೆಂದರೆ ಅತಿ ಸಣ್ಣ ಗೆರೆಯ ಅಗಲ) ಅಗಲವಾಗುತ್ತದೆ. 203 ಡಿಪಿಐ (ಇಂಚಿಗೆ 203 ಚುಕ್ಕೆ) ಲೇಬಲ್ ಪ್ರಿಂಟರ್‌ನ ಒಂದು ಚುಕ್ಕೆ 0.125 ಮಿ.ಮೀ. ಅತಿ ಸಣ್ಣ ಗೆರೆಗೆ 3 ಚುಕ್ಕೆ, ಅಂದರೆ 0.375 ಮಿ.ಮೀ. ಇಟ್ಟರೆ ಕೋಡ್‌ನ ಅಗಲ ಸುಮಾರು 34 ಮಿ.ಮೀ. ಎರಡೂ ಬದಿಗೆ ಹತ್ತು ಹತ್ತು ಘಟಕದಷ್ಟು ಖಾಲಿ ಬಿಳಿ ಜಾಗ ಬಿಟ್ಟರೆ ಒಟ್ಟು 41 ಮಿ.ಮೀ. ದಾಟುತ್ತದೆ, 50 ಮಿ.ಮೀ. ಚೀಟಿಯಲ್ಲಿ ಆರಾಮಾಗಿ ಕೂರುತ್ತದೆ. ಈ ಬಿಳಿ ಜಾಗದಲ್ಲಿ ಲೋಗೋ ಹಾಕುವವರಿದ್ದಾರೆ. ಹಾಕಿದರೆ ಕೋಡ್ ಎಲ್ಲಿ ಶುರುವಾಯಿತೆಂದೇ ಸ್ಕ್ಯಾನರ್‌ಗೆ ತಿಳಿಯುವುದಿಲ್ಲ. ಚಿತ್ರವನ್ನು ಎಳೆದು ಹಿಗ್ಗಿಸಿ ಅಚ್ಚು ಮಾಡುವುದೂ ಕೂಡದು, ಗೆರೆಗಳ ಅಳತೆ ಚುಕ್ಕೆಗೆ ಹೊಂದದೆ ಅಂಚು ಕೆಡುತ್ತದೆ.

ಶಾಖದಿಂದ ಕಪ್ಪಾಗುವ ಬಿಲ್ ಕಾಗದ ಬೇಡ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತರೆ ಅಚ್ಚು ಮಾಸುತ್ತದೆ. ಪ್ಲಾಸ್ಟಿಕ್ ಲೇಬಲ್ ಮೇಲೆ ರೆಸಿನ್ ರಿಬ್ಬನ್‌ನ ಅಚ್ಚು ಮಳೆಗಾಲದ ತೇವವನ್ನು ತಡೆಯುತ್ತದೆ. ಗೋಣಿಗೆ ಸ್ಟಿಕ್ಕರ್ ಅಂಟಿ ನಿಲ್ಲುವುದಿಲ್ಲ. ಚೀಲದ ಬಾಯಿ ಹೊಲಿಯುವಾಗ ಚೀಟಿಯನ್ನೂ ಸೇರಿಸಿ ಹೊಲಿಯಿರಿ. ಹೊಳಪಿಲ್ಲದ ಮೇಲ್ಮೈ ಆರಿಸಿ, ಹೊಳೆಯುವುದಾದರೆ ಟಾರ್ಚ್ ಬೆಳಕು ನೇರ ಕ್ಯಾಮೆರಾಕ್ಕೆ ರಾಚುತ್ತದೆ.

ಲೈಬ್ರರಿ

ಎಂಎಲ್ ಕಿಟ್ ಎರಡು ಬಗೆಯಲ್ಲಿ ಸಿಗುತ್ತದೆ. ಗೂಗಲ್ ಪ್ಲೇ ಸರ್ವಿಸಸ್ ಮೂಲಕ ಬರುವುದು ಆ್ಯಪ್‌ಗೆ ಸುಮಾರು 200 ಕೆಬಿಯಷ್ಟೇ ಸೇರಿಸುತ್ತದೆ, ಆದರೆ ಕೋಡ್ ಗುರುತಿಸುವ ಮಾಡೆಲ್ ಆಮೇಲೆ ಡೌನ್‌ಲೋಡ್ ಆಗಬೇಕು. ಆ್ಯಪ್ ಜೊತೆಗೇ ಬರುವುದು ಸುಮಾರು 2.4 ಎಂಬಿ. ನಮ್ಮ ಕಡೆಗೆ ಎರಡನೆಯದೇ ಸರಿ. ಹೊಸನಗರ, ಆಗುಂಬೆ ಕಡೆ ಸಿಗ್ನಲ್ ಇಲ್ಲದ ಜಾಗದಲ್ಲಿ ಮೊದಲ ಸಲ ಆ್ಯಪ್ ತೆರೆದವರಿಗೆ ಮಾಡೆಲ್ ಬರುವವರೆಗೆ ಒಂದು ಕೋಡೂ ಓದಿ ಬರುವುದಿಲ್ಲ.

ಸ್ಕ್ಯಾನರ್ ಆಪ್ಷನ್ಸ್‌ನಲ್ಲಿ ಕೋಡ್ 128 ಒಂದನ್ನೇ ಕೊಡಿ. ಕೆಲಸ ಚುರುಕಾಗುತ್ತದೆ, ಪಕ್ಕದಲ್ಲಿರುವ ಯುಪಿಐ ಕ್ಯೂಆರ್ ಅನ್ನು ತಪ್ಪಿ ಓದುವುದೂ ನಿಲ್ಲುತ್ತದೆ.

ಕ್ಯಾಮೆರಾ ಫ್ರೇಮ್

ಹೆಚ್ಚಿನ ಆ್ಯಪ್‌ಗಳು ಎಡವುವುದು ಇಲ್ಲೇ. ಅತಿ ಸಣ್ಣ ಗೆರೆಗೆ ಕನಿಷ್ಠ 2 ಪಿಕ್ಸೆಲ್ ಸಿಗಬೇಕು. 90 ಘಟಕಕ್ಕೆ 180 ಪಿಕ್ಸೆಲ್. ಕ್ಯಾಮೆರಾಎಕ್ಸ್‌ನ ಇಮೇಜ್ ಅನಾಲಿಸಿಸ್ (ಕೋಡ್ ಓದಲು ಫ್ರೇಮ್ ಕೊಡುವ ಭಾಗ) ತಾನಾಗಿ ಆರಿಸಿಕೊಳ್ಳುವ ಅಳತೆ 640×480. ಫೋನ್ ನೆಟ್ಟಗೆ ಹಿಡಿದಾಗ ಅಗಲ 480. ಬಾರ್‌ಕೋಡ್ ಪರದೆಯ ಮೂರನೇ ಒಂದು ಭಾಗ ತುಂಬಿದರೆ ಸಿಗುವುದು 160 ಪಿಕ್ಸೆಲ್, ಸಾಲದು. ಅಳತೆಯನ್ನು 1280×720ಕ್ಕೆ ಏರಿಸಿದರೆ 240 ಸಿಗುತ್ತದೆ, ಅಷ್ಟೇ ದೂರದಿಂದ ಓದುತ್ತದೆ. ಕಣ್ಣಿಗೆ ಪ್ರಿವ್ಯೂ ಎಷ್ಟು ಸ್ಪಷ್ಟ ಕಂಡರೂ ಅದನ್ನು ನಂಬಬೇಡಿ, ಅನಾಲಿಸಿಸ್‌ಗೆ ಹೋಗುವ ಚಿತ್ರವೇ ಬೇರೆ.

ಪ್ರಿವ್ಯೂ ಓಡುತ್ತಿದೆ, ಆದರೆ ಒಂದು ಫ್ರೇಮ್ ಆದಮೇಲೆ ಸ್ಕ್ಯಾನ್ ನಿಂತೇ ಹೋಗಿದೆ ಎಂದರೆ ಫ್ರೇಮ್ ಹಿಡಿದಿರುವ ಇಮೇಜ್ ಪ್ರಾಕ್ಸಿಯನ್ನು ಕೋಡ್‌ನಲ್ಲಿ ಮುಚ್ಚಿಲ್ಲ ಎಂದರ್ಥ. ಮುಚ್ಚದ ಹೊರತು ಮುಂದಿನ ಫ್ರೇಮ್ ಬರುವುದಿಲ್ಲ. ಹಾಗೆಂದು ಪ್ರೋಸೆಸ್ ಕರೆದ ಮುಂದಿನ ಸಾಲಿನಲ್ಲೇ ಮುಚ್ಚಿದರೆ, ಓದುವ ಮೊದಲೇ ಚಿತ್ರ ಮುಚ್ಚಿದೆ ಎಂಬ ಎರರ್ ಬರುತ್ತದೆ. ಗೆದ್ದರೂ ಸೋತರೂ ಓಡುವ ಕಂಪ್ಲೀಟ್ ಲಿಸನರ್ ಒಳಗೆ ಮುಚ್ಚುವುದೇ ಸರಿಯಾದ ಕ್ರಮ. ಹಳೆಯ ಫ್ರೇಮ್ ಬಿಟ್ಟು ಇತ್ತೀಚಿನದನ್ನಷ್ಟೇ ಕೊಡುವ ಸ್ಟ್ರಾಟಜಿ ಇಡಿ. ಇಮೇಜ್ ಕೊಡುವಾಗ ರೊಟೇಷನ್ ಡಿಗ್ರಿಯನ್ನೂ ಜೊತೆಗೆ ಕೊಡಬೇಕು.

ಟಾರ್ಚ್ ಬಟನ್ ಹೆಬ್ಬೆರಳಿಗೆ ಸಿಗುವಲ್ಲಿರಲಿ. ಮಂಡಿಯ ಗದ್ದಲದಲ್ಲಿ ಬೀಪ್ ಕೇಳದು, ಆದ್ದರಿಂದ ವೈಬ್ರೇಷನ್ ಸೇರಿಸಿ.

ಒಂದೇ ಚೀಲ ಎರಡು ಸಲ

ಕ್ಯಾಮೆರಾ ಒಂದೇ ಕೋಡನ್ನು ಸೆಕೆಂಡಿಗೆ ಹತ್ತಾರು ಸಲ ಓದಿ ಕೊಡುತ್ತದೆ. ಎರಡು ಸೆಕೆಂಡ್ ಅದೇ ಸಂಖ್ಯೆಯನ್ನು ಕಡೆಗಣಿಸುವುದು ಪರದೆಗೆ ಸಾಕು, ಲೆಕ್ಕಕ್ಕೆ ಸಾಲದು: ಹಮಾಲರು ಚೀಲ ಸರಿಸಿದ ಮೇಲೆ ಅದೇ ಚೀಟಿ ಮತ್ತೆ ಎದುರಾಗುತ್ತದೆ. ಚೀಲದ ಸಂಖ್ಯೆ ಮತ್ತು ಒಳಗೋ ಹೊರಗೋ ಎಂಬ ವಹಿವಾಟಿನ ಸಂಖ್ಯೆ, ಎರಡನ್ನೂ ಸೇರಿಸಿ ಡೇಟಾಬೇಸ್‌ನಲ್ಲೇ ಯೂನಿಕ್ ಮಾಡಿ. ಸ್ಕ್ಯಾನ್ ಮೊದಲು ಫೋನಿನ ರೂಮ್ ಡೇಟಾಬೇಸ್‌ಗೆ ಬೀಳಲಿ, ನೆಟ್‌ವರ್ಕ್ ಬಂದಾಗ ಹಿನ್ನೆಲೆ ಕೆಲಸ ನಡೆಸುವ ವರ್ಕ್‌ಮ್ಯಾನೇಜರ್ ಸರ್ವರ್‌ಗೆ ಕಳಿಸಲಿ. ಅರ್ಧಕ್ಕೆ ಸಿಗ್ನಲ್ ಹೋಗಿ ಅದೇ ದಾಖಲೆ ಮತ್ತೆ ಹೋದರೂ ಸರ್ವರ್ ಎರಡನೆಯದನ್ನು ಕೈಬಿಡುವಂತಿರಬೇಕು. ಸಂಖ್ಯೆಯನ್ನು ಪಠ್ಯವಾಗಿಯೇ ಉಳಿಸಿ, ಅಂಕಿಯಾಗಿ ಉಳಿಸಿದರೆ ಮೊದಲಲ್ಲಿರುವ ಸೊನ್ನೆ ಹಾರಿಹೋಗುತ್ತದೆ.

ಚೀಟಿ ಹರಿದಾಗ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಲೂ ದಾರಿ ಬೇಕು. ಕೋಡ್ 128ರ ತಪಾಸಣೆ ಗೆರೆಗಳಿಗಷ್ಟೇ, ಬೆರಳಿನ ತಪ್ಪಿಗಲ್ಲ. ಹಾಗಾಗಿ ಹತ್ತನೆಯ ಅಂಕಿಯನ್ನು ತಾಳೆ ನೋಡಲು ಮೀಸಲಿಡಿ. 260700415ಕ್ಕೆ ಬಲದಿಂದ 3, 1, 3, 1 ಎಂದು ಗುಣಿಸಿ ಕೂಡಿದರೆ 47. ಮುಂದಿನ ಹತ್ತರ ಮಟ್ಟಕ್ಕೆ ಬೇಕಾದ್ದು 3. ಚೀಟಿಯ ಮೇಲೆ 2607004153. ಒಂದಂಕಿ ತಪ್ಪಿದರೆ ಖಂಡಿತ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ, ಅವುಗಳ ವ್ಯತ್ಯಾಸ 5 ಇದ್ದಾಗ ಮಾತ್ರ ಜಾರಿಕೊಳ್ಳುತ್ತದೆ.

ಈ ಟೈಪ್ ಮಾಡುವ ಪರದೆ ಕ್ಯಾಮೆರಾ ಅನುಮತಿ ಇಲ್ಲದೆಯೂ ತೆರೆಯಬೇಕು. ಆಂಡ್ರಾಯ್ಡ್ 11ರಿಂದೀಚೆಗೆ ಬಳಕೆದಾರರು ಎರಡು ಸಲ ನಿರಾಕರಿಸಿದರೆ ಅನುಮತಿ ಕೇಳುವ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಆಗ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ಬಟನ್ ತೋರಿಸಿ.