ಪ್ರಮಾಣಪತ್ರ ಕಳಿಸೋಕೆ ಇಡೀ ಡ್ರೈವ್ ಯಾಕೆ ಬೇಕು?

ರಾಯಚೂರು ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗದ ಕೆಲಸ ನನ್ನದು. ಸಿಬ್ಬಂದಿ, ವಿದ್ಯಾರ್ಥಿಗಳ ಗೂಗಲ್ ಮೇಲ್ ಮತ್ತು ಡ್ರೈವ್ ಖಾತೆಗಳನ್ನು ನೋಡಿಕೊಳ್ಳುತ್ತೇನೆ. ಹೊರಗಿನವರು ಮಾಡಿದ ಆಡ್-ಆನ್‌ಗಳನ್ನು, ಅಂದರೆ ಶೀಟ್, ಡಾಕ್ಸ್‌ಗೆ ಜೋಡಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳನ್ನು, ಪರಿಶೀಲಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಪ್ರವೇಶಾತಿ ವಿಭಾಗದ ಒಂದು ಕಂಪ್ಯೂಟರ್ ಮುಂದೆ ಕೂತ ಮಧ್ಯಾಹ್ನ ಅದು ತಾನಾಗಿಯೇ ನನ್ನ ಕೆಲಸವಾಯಿತು.

ಅಲ್ಲಿನ ಮೇಡಂ ಶೀಟ್ ತೆರೆಯೋಕೆ ತಡವಾಗುತ್ತಿದೆ ಅಂತ ಕರೆದಿದ್ದರು. ನೋಡುತ್ತಾ ನೋಡುತ್ತಾ ಅವರ ಖಾತೆಗೆ ಯಾವ ಯಾವ ಹೊರಗಿನ ಆಪ್‌ಗಳು ಜೋಡಣೆಯಾಗಿವೆ ಅನ್ನುವ ಪುಟ ತೆರೆದೆ. ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದ ಪ್ರಮಾಣಪತ್ರ ಕಳಿಸಲು ಹಾಕಿಕೊಂಡಿದ್ದ ಆಡ್-ಆನ್ ಒಂದು ಅಲ್ಲಿತ್ತು. ಅದಕ್ಕೆ ಕೊಟ್ಟಿದ್ದ ಅನುಮತಿ ಹೀಗಿತ್ತು: ಡ್ರೈವ್‌ನಲ್ಲಿರುವ ಎಲ್ಲಾ ಫೈಲುಗಳನ್ನು ನೋಡಬಹುದು, ತಿದ್ದಬಹುದು, ಹೊಸದು ಮಾಡಬಹುದು, ಅಳಿಸಬಹುದು.

"ಅದನ್ನ ಆವಾಗ್ಲೇ ತೆಗೆದು ಹಾಕೀನಲ್ರೀ ಸರ್" ಅಂದರು ಮೇಡಂ. ತೆಗೆದಿದ್ದು ನಿಜ. ಶೀಟಿನ ಮೆನುವಿನಲ್ಲಿ ಅದು ಇರಲಿಲ್ಲ. ಆದರೆ ಕೊಟ್ಟ ಒಪ್ಪಿಗೆ ಖಾತೆಯಲ್ಲಿ ಹಾಗೇ ಕೂತಿತ್ತು.

ಆ ಡ್ರೈವ್‌ನಲ್ಲಿ ಏನಿತ್ತು ಅಂತ ಹೇಳದೆ ಈ ಮಾತಿನ ತೂಕ ಗೊತ್ತಾಗುವುದಿಲ್ಲ. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಆಧಾರ್ ಪ್ರತಿ, ವಿದ್ಯಾರ್ಥಿವೇತನಕ್ಕೆ ಕೊಟ್ಟ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಲು ಬಂದ ಮಕ್ಕಳು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ತಂದುಕೊಟ್ಟ ಕಾಗದಗಳು ಅವು. ನಮ್ಮನ್ನು ನಂಬಿ ಕೊಟ್ಟವು. ಆ ಆಡ್-ಆನ್ ಮಾಡಿದವರು ಅವನ್ನು ಮುಟ್ಟಿದರೋ ಇಲ್ಲವೋ, ಮುಟ್ಟುವ ದಾರಿಯನ್ನಂತೂ ನಾವೇ ತೆರೆದಿಟ್ಟಿದ್ದೆವು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

"ಪಾಸ್‌ವರ್ಡ್ ಬದಲಾಯಿಸಿದರೆ ಆಗಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅನುಮತಿ ಕೇಳುವ ಪುಟದಲ್ಲಿ 'ಅಲೋ' (ಒಪ್ಪಿಗೆ) ಒತ್ತಿದಾಗ ಆಪ್‌ಗೆ ಸಿಗುವುದು ಪಾಸ್‌ವರ್ಡ್ ಅಲ್ಲ, ಟೋಕನ್ ಅನ್ನುವ ಬೇರೆಯದೇ ಕೀಲಿ. ಗೂಗಲ್‌ನಲ್ಲಿ ಪಾಸ್‌ವರ್ಡ್ ಬದಲಾದರೆ ಜಿಮೇಲ್ ಅನುಮತಿ ಇರುವ ಟೋಕನ್ ರದ್ದಾಗುತ್ತದೆ. ಬರೀ ಡ್ರೈವ್ ಅನುಮತಿ ಇರುವ ಟೋಕನ್ ಹಾಗೇ ಉಳಿಯುತ್ತದೆ. ಎರಡು ಹಂತದ ಪರಿಶೀಲನೆಯೂ ಇದನ್ನು ತಡೆಯುವುದಿಲ್ಲ. 2017ರ ಮೇ ತಿಂಗಳಲ್ಲಿ 'ಗೂಗಲ್ ಡಾಕ್ಸ್' ಅಂತಲೇ ಹೆಸರಿಟ್ಟುಕೊಂಡ ನಕಲಿ ಆಪ್ ಒಂದು ಮೇಲ್‌ನಿಂದ ಮೇಲ್‌ಗೆ ಹಬ್ಬಿತ್ತು. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ಅದನ್ನು ನಿಲ್ಲಿಸಿತು. ಅದು ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ, ಜನರ ಕೈಯಿಂದಲೇ 'ಅಲೋ' ಒತ್ತಿಸಿಕೊಂಡಿತು.

ಮರುವಾರ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಸಂಸ್ಥೆಯ ಎಲ್ಲ ಖಾತೆಗಳನ್ನು ನಿಯಂತ್ರಿಸುವ ಅಡ್ಮಿನ್ ಕನ್ಸೋಲ್‌ನಲ್ಲಿ, ಯಾವ ಆಪ್ ನಮ್ಮ ದತ್ತಾಂಶ ಮುಟ್ಟಬಹುದು ಅಂತ ನಿರ್ಧರಿಸುವ ಎಪಿಐ ಕಂಟ್ರೋಲ್ಸ್‌ಗೆ ಹೋಗಿ ಹೊರಗಿನ ಎಲ್ಲ ಆಪ್‌ಗಳನ್ನೂ ಒಂದೇ ಏಟಿಗೆ ಬಂದ್ ಮಾಡಿದೆ. ಸೋಮವಾರ ಹತ್ತು ಗಂಟೆಗೆ ಫೋನ್ ಶುರುವಾಯಿತು. ಅಂತಿಮ ವರ್ಷದವರ ಪ್ರಾಜೆಕ್ಟ್ ವೈವಾ ಇತ್ತು, ಅವರ ಸ್ಲೈಡುಗಳೆಲ್ಲ ಹೊರಗಿನ ಒಂದು ತಾಣದಲ್ಲಿದ್ದವು, ಲಾಗಿನ್ ಆಗುತ್ತಿರಲಿಲ್ಲ. "ಇಷ್ಟು ವರ್ಷ ನಡದದ, ಇವತ್ತೇ ಯಾಕ ಬಂದ್ ಮಾಡಿದ್ರಿ? ಮಕ್ಕಳು ಅಳಾಕತ್ತಾರ" ಅಂತ ವಿಭಾಗದ ಮುಖ್ಯಸ್ಥರು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಹತ್ತೇ ನಿಮಿಷದಲ್ಲಿ ವಾಪಸ್ ತೆರೆದೆ, ಕ್ಷಮೆಯನ್ನೂ ಕೇಳಿದೆ.

ಆಮೇಲೆ ಮೊದಲು ಪಟ್ಟಿ ಮಾಡಿದೆ. ಯಾವ ಆಪ್‌ಗೆ ಎಷ್ಟು ಜನ ಒಪ್ಪಿಗೆ ಕೊಟ್ಟಿದ್ದಾರೆ, ಏನೇನು ಅನುಮತಿ ಇದೆ ಅನ್ನುವುದು ಕನ್ಸೋಲ್‌ನಲ್ಲೇ ಸಿಗುತ್ತದೆ. ಬರೀ ಹೆಸರು ಮತ್ತು ಮೇಲ್ ವಿಳಾಸ ಕೇಳುವ ಆಪ್‌ಗಳನ್ನು ಸದ್ಯಕ್ಕೆ ಬದಿಗಿಟ್ಟೆ. ಡ್ರೈವ್, ಜಿಮೇಲ್ ಮುಟ್ಟುವವು ಮೊದಲು.

ಪರಿಶೀಲನೆಯಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಅನುಮತಿಗಳನ್ನು ಓದುವುದಕ್ಕೆ. ಕಂಪನಿ ದೊಡ್ಡದೋ ಸಣ್ಣದೋ, ರೇಟಿಂಗ್ ಎಷ್ಟು ಅನ್ನುವುದರಿಂದ ನನಗೆ ಹೆಚ್ಚೇನೂ ತಿಳಿಯಲಿಲ್ಲ. ಈ ಆಡ್-ಆನ್ ಮಾಡುವ ಕೆಲಸಕ್ಕೆ ಏನು ಬೇಕು, ಅದು ಕೇಳುತ್ತಿರುವುದೇನು? ಇವೆರಡನ್ನೂ ಪಕ್ಕಪಕ್ಕ ಬರೆಯುತ್ತೇನೆ. ಹೆಸರು ತುಂಬಿ ಪ್ರಮಾಣಪತ್ರ ಕಳಿಸುವುದಕ್ಕೆ ಒಂದು ಶೀಟ್, ಒಂದು ಟೆಂಪ್ಲೇಟ್, ಮೇಲ್ ಕಳಿಸುವ ಅನುಮತಿ ಇದ್ದರೆ ಸಾಕು. 'ತೆರೆದಿರುವ ಶೀಟ್ ಮಾತ್ರ', 'ನೀವು ಆರಿಸಿದ ಫೈಲುಗಳು ಮಾತ್ರ' ಅನ್ನುವ ಕಿರಿದಾದ ಅನುಮತಿಗಳು ಗೂಗಲ್‌ನಲ್ಲೇ ಇವೆ. ಅವನ್ನು ಬಿಟ್ಟು ಇಡೀ ಡ್ರೈವ್ ಕೇಳಿದರೆ ಕಾರಣ ಹೇಳಿ ಅಂತ ತಯಾರಕರಿಗೇ ಬರೆಯುತ್ತೇನೆ. ಕೆಲವರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಉತ್ತರವೇ ಬಾರದಿದ್ದರೆ ಒಪ್ಪುವುದಿಲ್ಲ.

ಕಣ್ಣು ತಪ್ಪಿಸುವ ಸಾಲು ಇನ್ನೊಂದಿದೆ: ಹೊರಗಿನ ಸೇವೆಗೆ ಸಂಪರ್ಕ ಮಾಡುವ ಅನುಮತಿ. ಅದು ಒಂದೇ ಇದ್ದರೆ ಭಯವಿಲ್ಲ. 'ಎಲ್ಲಾ ಫೈಲು ಓದುವ' ಅನುಮತಿಯ ಜೊತೆ ಅದೂ ಸೇರಿದರೆ ಓದಿದ್ದನ್ನು ಹೊರಗೆ ಸಾಗಿಸುವ ದಾರಿ ಪೂರ್ತಿಯಾಯಿತು. ಈ ಜೋಡಿ ಕಂಡಲ್ಲಿ ನಾನು ಕೆಂಪು ಗುರುತು ಹಾಕುತ್ತೇನೆ.

ಪರೀಕ್ಷೆಗೆಂದೇ ಒಂದು ಖಾಲಿ ಖಾತೆ ಇಟ್ಟಿದ್ದೇನೆ. ಅದರಲ್ಲಿ ಕಲ್ಪಿತ ವಿದ್ಯಾರ್ಥಿಗಳ ಮಾರ್ಕ್ಸ್ ಶೀಟ್ ಇದೆ. ಆಡ್-ಆನ್ ಹಾಕಿ ಪುಟದಿಂದ ಏನೇನು ಎಲ್ಲಿಗೆ ಹೋಗುತ್ತಿದೆ ಅಂತ ತೋರಿಸುವ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ನೋಡುತ್ತೇನೆ. ಸರ್ವರ್‌ನಲ್ಲೇ ಓಡುವ ಕೋಡ್ ಅಲ್ಲಿ ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಏನೂ ಕಾಣಲಿಲ್ಲ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ವರ್ಡ್, ಔಟ್‌ಲುಕ್‌ನ ಈಗಿನ ಆಡ್-ಇನ್‌ಗಳೂ ಅಷ್ಟೇ: ನಮ್ಮ ಕಂಪ್ಯೂಟರಿಗೆ ಬರುವುದು ಆಡ್-ಇನ್‌ನ ವಿವರ, ವಿಳಾಸ ಇರುವ ಒಂದು ಸಣ್ಣ ಮ್ಯಾನಿಫೆಸ್ಟ್ ಫೈಲ್, ಕೋಡ್ ಎಲ್ಲ ಅವರ ಸರ್ವರ್‌ನಿಂದ. ಇವತ್ತು ನೋಡಿ ಒಪ್ಪಿದ್ದು ನಾಳೆ ಬದಲಾಗಿರಬಹುದು. 'ದಿ ಗ್ರೇಟ್ ಸಸ್ಪೆಂಡರ್' ಅನ್ನುವ ಕ್ರೋಮ್ ಎಕ್ಸ್‌ಟೆನ್ಷನ್ 2020ರಲ್ಲಿ ಮಾಲೀಕತ್ವ ಬದಲಾದ ಮೇಲೆ ಕೆಟ್ಟಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ತೆಗೆಯಿತು. ಅಷ್ಟೊತ್ತಿಗೆ ಲಕ್ಷಾಂತರ ಜನರ ಬ್ರೌಸರ್‌ನಲ್ಲಿ ಅದಿತ್ತು. ಹಾಗಾಗಿ ನಾನು ಕೊಡುವ ಒಪ್ಪಿಗೆಗೆ ಒಂದು ಸೆಮಿಸ್ಟರ್ ಮಾತ್ರ ಆಯುಷ್ಯ.

ಬೇಡ ಅಂದರೆ ಸಾಲದು, ಕೆಲಸ ನಡೆಯುವ ದಾರಿಯನ್ನೂ ಕೊಡಬೇಕು. ಪ್ರಮಾಣಪತ್ರ ಕಳಿಸಲು, ಗೂಗಲ್‌ನಲ್ಲೇ ಕೋಡ್ ಬರೆದು ಓಡಿಸುವ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ನಾನೇ ನಲವತ್ತು ಸಾಲಿನ ಕೋಡ್ ಬರೆದೆ. ಸಂಸ್ಥೆಯ ಖಾತೆಯಿಂದ ದಿನಕ್ಕೆ 1,500 ವಿಳಾಸಗಳಿಗೆ ಕಳಿಸಬಹುದು, ನಮಗೆ ಧಾರಾಳವಾಯಿತು. ಹೊರಗಿನವರ ಕೈ ಅದರಲ್ಲಿಲ್ಲ. ಪಿಎಚ್.ಡಿ. ಮಾಡುವವರಿಗೆ ಉಲ್ಲೇಖ ಸೇರಿಸಲು ವರ್ಡ್‌ನಲ್ಲಿ ಝೊಟೆರೊ ಅನ್ನುವ ತಂತ್ರಾಂಶ ಬಳಸಿ ಅಂದೆ. ಅದರ ಕೋಡ್ ಮುಕ್ತ, ಉಲ್ಲೇಖಗಳ ಸಂಗ್ರಹ ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ಆಡಳಿತದವರನ್ನು ಒಪ್ಪಿಸಲು ನೆರವಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸರಿಯಾದ ರಕ್ಷಣೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ಕುಲಸಚಿವರ ಮುಂದೆ ನಾನು ಒತ್ತಿ ಹೇಳಿದ್ದು ಬೇರೆ ಎರಡು ಮಾತು. ಒಂದು, ನಮ್ಮ ಪರವಾಗಿ ದತ್ತಾಂಶ ಸಂಸ್ಕರಿಸುವವರು ಹೊರಗಿನವರಾದರೂ ಹೊಣೆ ನಮ್ಮದೇ. ಇನ್ನೊಂದು, 18 ತುಂಬದವರನ್ನು ಕಾಯ್ದೆ ಮಕ್ಕಳು ಅನ್ನುತ್ತದೆ, ತಂದೆ-ತಾಯಿಯ ಒಪ್ಪಿಗೆ ಬೇಕು. ನಮ್ಮಲ್ಲಿ ಮೊದಲ ಸೆಮಿಸ್ಟರ್‌ಗೆ 17ರ ಮಕ್ಕಳು ಎಷ್ಟೋ ಜನ ಬರುತ್ತಾರೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಕುಲಸಚಿವರು ಎಲ್ಲ ಕೇಳಿ, "ಆ ಮಕ್ಕಳ ಕಾಗದ ಮೊದಲು ಭದ್ರ ಮಾಡ್ರಿ, ಆದೇಶ ನಾ ಕೊಡ್ತೀನಿ" ಅಂದರು.

ಈಗ ಹೊಸ ಆಪ್ ಬೇಕಾದವರು ಕಳಿಸುವ ಕೋರಿಕೆ ನನ್ನ ಕನ್ಸೋಲ್‌ಗೆ ಬರುತ್ತದೆ, ನಾನು ಮೂರು ದಿನದಲ್ಲಿ ಉತ್ತರ ಕೊಡುತ್ತೇನೆ. ಆಡ್-ಆನ್‌ಗಳು ಸಿಗುವ ಗೂಗಲ್‌ನ ಅಂಗಡಿ ಮಾರ್ಕೆಟ್‌ಪ್ಲೇಸ್‌ನ ಪಟ್ಟಿಯನ್ನೂ ಎಪಿಐ ಕಂಟ್ರೋಲ್ಸನ್ನೂ ಎರಡನ್ನೂ ಬಿಗಿ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿ ಬಿಟ್ಟರೆ, ಗೂಗಲ್ ಖಾತೆಯಿಂದ ಲಾಗಿನ್ ಆಗುವ ಬೇರೆ ತಾಣಗಳು ತಪ್ಪಿಸಿಕೊಳ್ಳುತ್ತವೆ.

ನನ್ನ ಕೈಗೆ ಸಿಗದೆ ಉಳಿದದ್ದು ಸಿಬ್ಬಂದಿಯ ಸ್ವಂತ ಜಿಮೇಲ್. ಅವಸರಕ್ಕೆ ಇಂಟರ್ನಲ್ ಮಾರ್ಕ್ಸ್ ಶೀಟ್ ಅಲ್ಲಿಗೆ ಶೇರ್ ಆದರೆ ಅಲ್ಲಿನ ಆಪ್‌ಗಳು ನನ್ನ ಕನ್ಸೋಲ್‌ಗೆ ಕಾಣುವುದಿಲ್ಲ. ಅದಕ್ಕೆ ಈ ಬೇಸಿಗೆ ರಜೆಯಲ್ಲಿ ಒಂದೊಂದೇ ವಿಭಾಗಕ್ಕೆ ಹೋಗಿ, ಅವರ ಪಕ್ಕ ಕುರ್ಚಿ ಹಾಕಿಕೊಂಡು, ಶೀಟುಗಳನ್ನು ಸಂಸ್ಥೆಯ ಶೇರ್ಡ್ ಡ್ರೈವ್‌ಗೆ ಸಾಗಿಸುತ್ತಿದ್ದೇನೆ. ಪ್ರವೇಶಾತಿ ವಿಭಾಗ ಮುಗಿದಿದೆ. ನಾಳೆ ಪರೀಕ್ಷಾ ವಿಭಾಗ.