ಶಿಕ್ಷಕರ ಕಾರ್ಯಾಗಾರ: ಬ್ಯಾನರ್‌ಗಿಂತ ಮೊದಲು ಬಸ್ ವೇಳೆ ನೋಡಿ

ಶಿಕ್ಷಕರ ಕಾರ್ಯಾಗಾರ ಎಂದರೆ ನಮ್ಮಲ್ಲಿ ಮೊದಲು ಗೊತ್ತಾಗುವುದು ಉದ್ಘಾಟಕರ ಹೆಸರು, ಆಮೇಲೆ ಬ್ಯಾನರ್, ಎಲ್ಲಕ್ಕಿಂತ ಕೊನೆಗೆ ವಿಷಯ. ಈ ಸರದಿಯನ್ನು ತಿರುಗಿಸಿಕೊಂಡರೆ ಅರ್ಧ ಕೆಲಸ ಆದಂತೆ. ದಕ್ಷಿಣ ಕೊಡಗಿನ ಒಂದೆರಡು ಕ್ಲಸ್ಟರ್‌ಗಳ (ಅಕ್ಕಪಕ್ಕದ ಶಾಲೆಗಳ ಗುಂಪು) ಮೂವತ್ತು ಪ್ರಾಥಮಿಕ ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ನಡೆಸಬೇಕಿದೆ ಎಂದಿಟ್ಟುಕೊಳ್ಳೋಣ.

ವಿಷಯ ಒಂದೇ ಇರಲಿ

'ಗುಣಾತ್ಮಕ ಶಿಕ್ಷಣ', 'ನವೀನ ಬೋಧನಾ ವಿಧಾನಗಳು' ಎಂಬಂಥ ತಲೆಬರಹದಲ್ಲಿ ಏನನ್ನು ಬೇಕಾದರೂ ತುಂಬಬಹುದು. ಅದಕ್ಕೇ ಅದರಿಂದ ಏನೂ ಉಳಿಯುವುದಿಲ್ಲ. ಮೂರು ವಾರ ಮೊದಲೇ ನಾಲ್ಕೈದು ಶಾಲೆಗಳಿಗೆ ಹೋಗಿ ಶಿಕ್ಷಕರನ್ನು ಒಂದೇ ಪ್ರಶ್ನೆ ಕೇಳಿ: ಈ ವಾರ ಯಾವ ಪಾಠ ಕೈಕೊಟ್ಟಿತು? ನಮ್ಮ ಜಿಲ್ಲೆಯಲ್ಲಿ ಬರುವ ಉತ್ತರಗಳಲ್ಲಿ ಒಂದನ್ನು ಊಹಿಸಬಹುದು. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಎರವ, ಜೇನುಕುರುಬರ ನುಡಿ ಸೇರಿರುತ್ತವೆ. ತೋಟದ ಲೈನ್ ಮನೆಗಳಿಗೆ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳೂ ಈಗ ಅದೇ ಬೆಂಚಿನಲ್ಲಿದ್ದಾರೆ. ಹಾಗಾದರೆ ವಿಷಯ ಇಷ್ಟೇ: ಮನೆಮಾತು ಕನ್ನಡವಲ್ಲದ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದು ಕಲಿಸುವುದು.

ದಿನ ಮತ್ತು ಜಾಗ

ಜೂನ್‌ನಿಂದ ಆಗಸ್ಟ್‌ವರೆಗೆ ದಿನ ಗೊತ್ತುಮಾಡುವುದೇ ಬೇಡ. ಮಳೆ ರಜೆ ಯಾವಾಗ ಘೋಷಣೆಯಾಗುತ್ತದೆ ಎಂದು ಹೇಳಲಾಗದು. ಗುಡ್ಡದ ಬರೆ ಕುಸಿದರೆ ರಸ್ತೆ ಇಲ್ಲ, ಮರ ಬಿದ್ದರೆ ಕರೆಂಟೂ ಇಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬ, ಅಕ್ಟೋಬರ್‌ನಲ್ಲಿ ದಸರಾ ರಜೆ ಮತ್ತು ಕಾವೇರಿ ಸಂಕ್ರಮಣ. ನನ್ನನ್ನು ಕೇಳಿದರೆ ನವೆಂಬರ್ ಮೊದಲೆರಡು ವಾರ ಒಳ್ಳೆಯದು. ಸುಗ್ಗಿ ಹಬ್ಬ ಪುತ್ತರಿಗೆ ಇನ್ನೂ ಸಮಯವಿರುತ್ತದೆ. ಕಾಫಿ ಕುಯ್ಲಿನ ಭರಾಟೆಗೆ ಹೊರಗಿನಿಂದ ಕಾರ್ಮಿಕರು ಬರುವ ಹೊತ್ತಿಗೆ ಶಿಕ್ಷಕರ ಕೈಯಲ್ಲಿ ಏನಾದರೂ ಇರುತ್ತದೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟದ ದಿನಾಂಕಗಳನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಜಾಗ ಆರಿಸುವಾಗ ಮಡಿಕೇರಿಯ ಮೋಹ ಬಿಡಿ. ಕುಟ್ಟದಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಶ್ರೀಮಂಗಲ, ಬಾಳೆಲೆ, ತಿತಿಮತಿ ಕಡೆಯವರಿಗೆಲ್ಲ ಗೋಣಿಕೊಪ್ಪಲು ಅನುಕೂಲ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಶಾಲೆಯೊಂದರ ದೊಡ್ಡ ಕೋಣೆ ಸಾಕು, ಸಭಾಂಗಣ ಬೇಡ. ಬೆಳಿಗ್ಗೆ ಬರುವ ಬಸ್ಸು, ಸಂಜೆ ಕೊನೆಯ ಬಸ್ಸು ಎರಡನ್ನೂ ಬರೆದಿಟ್ಟುಕೊಂಡು ವೇಳಾಪಟ್ಟಿ ಮಾಡಿ. ನಾಲ್ಕು ಗಂಟೆಗೆ ಮುಗಿಯಲೇಬೇಕು. ತಿತಿಮತಿ ಕಡೆಗೆ ಸ್ಕೂಟರಿನಲ್ಲಿ ಹೋಗುವವರಿಗೆ ಕತ್ತಲಾದ ಮೇಲೆ ಆನೆ ಎದುರಾಗಬಹುದು. ಅದನ್ನೇ ಯೋಚಿಸುತ್ತ ಕುಳಿತವರ ತಲೆಗೆ ಕೊನೆಯ ಅವಧಿಯಲ್ಲಿ ಏನೂ ಇಳಿಯುವುದಿಲ್ಲ.

ಕಾಗದ ಪತ್ರ

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಸುತ್ತೋಲೆ ಹೊರಡಿಸಿ. ಅದರಲ್ಲಿ ಒಒಡಿ (ಅನ್ಯ ಕರ್ತವ್ಯದ ಮೇಲಿನ ಹಾಜರಾತಿ) ವಿಷಯ ಸ್ಪಷ್ಟವಾಗಿರಲಿ. ಕೂಡಿಗೆಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಂದು ಪ್ರತಿ ಕಳುಹಿಸಿ, ಅಲ್ಲಿಂದ ಉಪನ್ಯಾಸಕರೊಬ್ಬರು ದಿನವಿಡೀ ಕೂರುವುದಾದರೆ ಒಳ್ಳೆಯದು. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು. ಹಾಜರಾತಿ ಪ್ರಮಾಣಪತ್ರದಲ್ಲಿ ಎಷ್ಟು ಗಂಟೆ ಎಂದು ನಮೂದಿಸಿದರೆ ಅವರಿಗೂ ಉಪಯೋಗ. ಏಕೋಪಾಧ್ಯಾಯ ಶಾಲೆಗಳದ್ದು ಬೇರೆ ಕಥೆ. ಆ ಒಬ್ಬರು ಇತ್ತ ಬಂದರೆ ಶಾಲೆಗೆ ಬೀಗ. ಪಕ್ಕದ ಶಾಲೆಯಿಂದ ಯಾರು ಹೋಗುತ್ತಾರೆ ಎಂಬುದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಜೊತೆ ಕುಳಿತು ಹೆಸರು ಸಮೇತ ತೀರ್ಮಾನಿಸಿ. 'ಬದಲಿ ವ್ಯವಸ್ಥೆ ಮಾಡಿಕೊಂಡು ಬನ್ನಿ' ಎಂದು ಸುತ್ತೋಲೆಯಲ್ಲಿ ಒಂದು ಸಾಲು ಹಾಕಿ ಕೈತೊಳೆದುಕೊಳ್ಳಬೇಡಿ.

ಕಾರ್ಯಾಗಾರದ ದಿನ

ಉದ್ಘಾಟನೆಗೆ ಹತ್ತು ನಿಮಿಷ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ನಾಲ್ಕು ಮಾತು ಎಂದು ಹೊರಟರೆ ಹನ್ನೊಂದೂವರೆಯ ಕಾಫಿಯವರೆಗೆ ಒಬ್ಬ ಶಿಕ್ಷಕರೂ ಬಾಯಿ ತೆರೆದಿರುವುದಿಲ್ಲ.

ಮೊದಲ ಅವಧಿಯನ್ನು ಎರವ ಬುಡಕಟ್ಟಿನವರ ಹಾಡಿಯ, ಮಾತಿನಲ್ಲಿ ಸಲೀಸಾದ ಯುವಕನಿಗೋ ಯುವತಿಗೋ ಬಿಟ್ಟುಕೊಡಿ. ಹತ್ತು ನಿಮಿಷ ತಮ್ಮ ಭಾಷೆಯಲ್ಲೇ ಅವರು ಪಾಠ ಮಾಡಬೇಕು: ಒಂದು ಕಥೆ, ಮೂರು ಪ್ರಶ್ನೆ, 'ಪುಸ್ತಕ ತೆರೆಯಿರಿ, ಇದನ್ನು ಬರೆಯಿರಿ' ಎಂಬ ಆಜ್ಞೆ. ಒಂದು ಪದವೂ ಕನ್ನಡ ಬೇಡ. ಮಲಯಾಳ ಬಲ್ಲವರಿಗೆ ಅಲ್ಲೊಂದು ಇಲ್ಲೊಂದು ಪದ ಹೊಳೆಯಬಹುದು, ಅಷ್ಟೇ. ಎದುರಿಗೆ ಕುಳಿತವರನ್ನು ಗಮನಿಸಿ. ಒಬ್ಬರು ಪಕ್ಕದವರ ಹಾಳೆ ನೋಡಿ ಬರೆಯುತ್ತಾರೆ, ಮತ್ತೊಬ್ಬರು ಅರ್ಥವಾದಂತೆ ತಲೆಯಾಡಿಸುತ್ತಾರೆ, ಹಿಂದಿನ ಸಾಲಿನಲ್ಲಿ ಪಿಸುಮಾತು ಶುರು, ಯಾರೋ ಕಿಟಕಿಯಾಚೆ ನೋಡುತ್ತಿರುತ್ತಾರೆ. ತಮ್ಮ ತರಗತಿಯಲ್ಲಿ ಯಾವ ಮಗು ಹೀಗೆ ಮಾಡುತ್ತದೆ ಎಂದು ಆಮೇಲೆ ಕೇಳಿದರೆ ಸಾಕು, ಚರ್ಚೆ ತಾನಾಗಿಯೇ ನಡೆಯುತ್ತದೆ. ಪಾಠ ಮಾಡಿದವರನ್ನು ಹಿಂದಿನ ದಿನವೇ ಭೇಟಿಯಾಗಿ ಏಕೆ, ಏನು ಎಂದು ವಿವರಿಸಿರಬೇಕು. ಗೌರವಧನವೂ ಉಳಿದ ಸಂಪನ್ಮೂಲ ವ್ಯಕ್ತಿಗಳಷ್ಟೇ ಇರಬೇಕು. ಶಾಲು ಹೊದಿಸಿ ಬರಿಗೈಯಲ್ಲಿ ಕಳುಹಿಸುವುದಲ್ಲ.

ಎರಡನೇ ಅವಧಿಗೆ ಪ್ರತಿಯೊಬ್ಬರೂ ತಮ್ಮ ಮಕ್ಕಳ ಎರಡು ನೋಟ್‌ಪುಸ್ತಕ ತಂದಿರಬೇಕು. ಹೇಳಿದ್ದನ್ನು ಮಗು ತಪ್ಪು ಬರೆದಿದೆಯೋ, ಹೇಳಿದ್ದೇ ತಿಳಿಯದೆ ಹಲಗೆಯಿಂದ ನಕಲು ಮಾಡಿದೆಯೋ? ಎರಡಕ್ಕೂ ಮದ್ದು ಬೇರೆ ಬೇರೆ.

ಊಟದ ನಂತರ ಭಾಷಣ ಇಟ್ಟರೆ ನಿದ್ದೆ ಖಚಿತ. ಐದೈದು ಜನರ ಆರು ಗುಂಪು ಮಾಡಿ. ಒಬ್ಬರು ಎಂಟು ನಿಮಿಷ ಪಾಠ ಮಾಡಲಿ, ಮೂವರು ಮಕ್ಕಳಾಗಲಿ, ಐದನೆಯವರು 'ಮಕ್ಕಳು' ಎಷ್ಟು ಮಾತನಾಡಿದರು ಎಂಬುದನ್ನಷ್ಟೇ ಬರೆದುಕೊಳ್ಳಲಿ. ಪಾಠಕ್ಕೆ ಒಂದು ಚಿತ್ರ ಸಾಕು: ಕಾಫಿ ಕಣ, ಸಂತೆ, ಗದ್ದೆ ನಾಟಿ. ಮಗು ತನ್ನ ಮಾತಿನಲ್ಲಿ ಹೇಳುತ್ತದೆ, ಗೊತ್ತಿರುವ ಗೆಳೆಯ ಕನ್ನಡಕ್ಕೆ ತರುತ್ತಾನೆ, ಶಿಕ್ಷಕರು ಆ ವಾಕ್ಯವನ್ನು ಹಲಗೆಯ ಮೇಲೆ ಬರೆದು ಎಲ್ಲರಿಂದ ಓದಿಸುತ್ತಾರೆ. ಮರುದಿನ ಅದೇ ಚಿತ್ರಕ್ಕೆ ಇನ್ನೆರಡು ವಾಕ್ಯ. ಪಾತ್ರ ಬದಲಿಸುತ್ತ ಐವರಿಗೂ ಸರದಿ ಬರಲಿ. ಚರ್ಚೆಯೂ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ.

ಸಾಮಗ್ರಿ ಎಂದರೆ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಸೀಮೆಸುಣ್ಣ. ಪ್ರೊಜೆಕ್ಟರ್ ತಂದರೂ ಅದಿಲ್ಲದೆ ನಡೆಯುವಂತೆ ಇಡೀ ದಿನ ಸಿದ್ಧವಿರಲಿ. ಬಿಸಿಯೂಟದ ಅಡುಗೆಯವರಿಂದಲೇ ಊಟ ಮಾಡಿಸುವುದಾದರೆ ದಿನಸಿಯನ್ನು ಬೇರೆ ತಂದು, ಕೂಲಿಯನ್ನೂ ಬೇರೆ ಕೊಡಿ. ಮಕ್ಕಳ ಅಕ್ಕಿಬೇಳೆಗೆ ಕೈ ಹಾಕುವಂತಿಲ್ಲ.

ಮುಗಿದ ಮೇಲೆ

ಅನಿಸಿಕೆ ಪತ್ರ ಕೊಟ್ಟರೆ ಎಲ್ಲರೂ 'ತುಂಬಾ ಉಪಯುಕ್ತವಾಗಿತ್ತು' ಎಂದು ಬರೆದು ಬಸ್ಸಿಗೆ ಓಡುತ್ತಾರೆ. ಅದರ ಬದಲು ಒಂದು ಚೀಟಿ ಕೊಡಿ: ಸೋಮವಾರ ಯಾವ ಮಗುವಿನೊಂದಿಗೆ ಏನು ಮಾಡುವಿರಿ? ಚೀಟಿಯ ಒಂದು ಪ್ರತಿ ಶಿಕ್ಷಕರಲ್ಲಿ, ಇನ್ನೊಂದು ಸಿಆರ್‌ಪಿ ಬಳಿ. ಮೂರು ವಾರದೊಳಗೆ ಸಿಆರ್‌ಪಿ ಶಾಲೆಗೆ ಹೋದಾಗ ದಾಖಲೆ ಕೇಳದೆ ಆ ಮಗುವಿನ ಪಕ್ಕ ಕುಳಿತು ಓದಿಸಿ ನೋಡಲಿ. ಮುಂದಿನ ಸಮಾಲೋಚನಾ ಸಭೆಯ ಮೊದಲ ಅರ್ಧ ಗಂಟೆ ಈ ಚೀಟಿಗಳಿಗೇ ಮೀಸಲು; ಏನೂ ಆಗಲಿಲ್ಲ ಎನ್ನುವವರಿಗೆ ಮೊದಲು ಮಾತಾಡಲು ಬಿಡಿ. ಖರ್ಚಿನ ರಸೀದಿಗಳನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ, ಅದೇ ವಾರ ಕಚೇರಿಗೆ ಸಲ್ಲಿಸಿ.